ಮೇಲ್ಮನವಿಯಲ್ಲಿ ಲೋಪವಿದ್ದರೆ ಸರಿಪಡಿಸಬಹುದು

ಪ್ರಶ್ನೆ: ನಾನು ಚಿಕ್ಕಲಸಂದ್ರದ ಗೃಹಿಣಿ. ನಿವೇಶನದ ದಾವೆ ಸಿಟಿ ಸಿವಿಲ್ ಕೋರ್ಟಿನಲ್ಲಿ ವಜಾ ಆಯಿತು. ವಕೀಲರಿಲ್ಲದೆ ನಾನೇ ಹೈಕೋರ್ಟಿಗೆ ಮೇಲ್ಮನವಿ ಹಾಕಿದೆ. ತಡವಾಗಿದೆ, ಶುಲ್ಕ ಕಡಿಮೆಯಿದೆ ಎಂದು ಕಚೇರಿ ಆಕ್ಷೇಪಣೆ ಬಂದಿದೆ. ಎಲ್ಲ ಮುಗಿಯಿತೇ?

ಉತ್ತರ: ಇಲ್ಲ ತಾಯಿ, ಧೈರ್ಯವಾಗಿರಿ. ಆಕ್ಷೇಪಣೆ ಎಂದರೆ ತಿರಸ್ಕಾರವಲ್ಲ. ಆದರೆ ಅದಕ್ಕೆ ಕೊಟ್ಟ ಗಡುವು ಮೀರಬೇಡಿ.

ಮೊದಲು ದಿನಗಳನ್ನು ಎಣಿಸಿ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಡಿಕ್ರಿಯ ದಿನದಿಂದ 90 ದಿನಗಳಿವೆ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಇದರಿಂದ ಕಳೆಯಬಹುದು. ನಕಲಿನ ಮೇಲಿರುವ ದಿನಾಂಕಗಳನ್ನು ನೋಡಿ. ಆಗಲೂ ತಡವಾಗಿದ್ದರೆ ಕಾಲಪರಿಮಿತಿ ಕಾಯ್ದೆಯ 5ನೇ ಕಲಂ ಅಡಿ ವಿಳಂಬ ಮನ್ನಾ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ ಕೊಡಿ. ಕಾರಣ ನಿಜವಾಗಿರಲಿ, ದಾಖಲೆಯೂ ಜೊತೆಗಿರಲಿ. ಈ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ ಕೊಡದಿದ್ದುದು ಸರಿಪಡಿಸಬಹುದಾದ ಲೋಪ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಮಧ್ಯಪ್ರದೇಶ ರಾಜ್ಯ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಕಡಿಮೆಯಾದ ಶುಲ್ಕ ತುಂಬಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಂ ಅಡಿ ನ್ಯಾಯಾಲಯ ಅವಕಾಶ ಕೊಡಬಹುದು. ತೀರ್ಪಿನ ನಕಲು ಇಟ್ಟಿದ್ದೀರಾ, ಆಕ್ಷೇಪದ ಅಂಶಗಳಿಗೆ ಕ್ರಮಸಂಖ್ಯೆ ಹಾಕಿದ್ದೀರಾ ಎಂದೂ ನೋಡಿಕೊಳ್ಳಿ.

ಇನ್ನೊಂದು ಮಾತು: ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಖರ್ಚು ವಸೂಲಿಯಂಥ ಆದೇಶವಿದ್ದರೆ ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿ ಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಕಾಗದಗಳನ್ನೆಲ್ಲ ತೆಗೆದುಕೊಂಡು ನಾಳೆಯೇ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಹೋಗಿ.