ಬಿದ್ದೆ ಅನ್ನುತ್ತಾಳೆ, ದೂರು ಬೇಡ ಅನ್ನುತ್ತಾಳೆ

ಪ್ರಶ್ನೆ: ನನ್ನ ತಂಗಿಗೆ ಮದುವೆಯಾಗಿ ಒಂಬತ್ತು ವರ್ಷ, ಇಬ್ಬರು ಮಕ್ಕಳು. ಗಂಡ ಕುಡಿದಾಗಲೂ ಹೊಡೆಯುತ್ತಾನೆ, ಕುಡಿಯದಿದ್ದಾಗಲೂ ಹೊಡೆಯುತ್ತಾನೆ. ಹೋದ ತಿಂಗಳು ಕಿವಿಯಿಂದ ರಕ್ತ ಬಂತು. ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರ ಮುಂದೆ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂದುಬಿಟ್ಟಳು. ಠಾಣೆಗೆ ಹೋಗೋಣ ಅಂದರೆ ನನ್ನ ಮೇಲೇ ಸಿಟ್ಟಾಗುತ್ತಾಳೆ. ಎರಡು ಸಲ ತವರಿಗೆ ಬಂದವಳು ತಾನಾಗಿಯೇ ವಾಪಸು ಹೋದಳು. ಅವಳನ್ನು ಮನೋವೈದ್ಯರಿಗೆ ತೋರಿಸಬೇಕೇ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ಕಿವಿಯ ವಿಷಯ. ಕೆನ್ನೆಗೆ ಬಲವಾಗಿ ಹೊಡೆದರೆ ಕಿವಿಯೊಳಗೆ ಗಾಳಿಯ ಒತ್ತಡ ಒಮ್ಮೆಲೇ ಏರಿ ತಮಟೆ ಹರಿಯಬಹುದು. ಸಣ್ಣ ತೂತಾದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಕಿವಿಗೆ ನೀರು ಹೋಗಬಾರದು. ಬೆಳ್ಳುಳ್ಳಿ ಎಣ್ಣೆ, ಬಿಸಿ ಎಣ್ಣೆ ಯಾವುದನ್ನೂ ಹಾಕಬೇಡಿ. ಇಎನ್‌ಟಿ ವೈದ್ಯರಿಗೆ ಇನ್ನೊಮ್ಮೆ ತೋರಿಸಿ, ಕೇಳಿಸುವುದು ಕಡಿಮೆಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿ.

ಬಚ್ಚಲಲ್ಲಿ ಜಾರಿದವರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಮಣಿಕಟ್ಟು, ಮೊಣಕೈ, ಸೊಂಟ, ಹಣೆಗೆ. ಬೇರೆಲ್ಲೂ ತರಚಿಲ್ಲದೆ ಕಿವಿಯ ತಮಟೆ ಮಾತ್ರ ಹರಿದಿದ್ದರೆ, ಮುಖಕ್ಕೆ ಅಡ್ಡ ಹಿಡಿದ ಮುಂಗೈಯ ಹೊರಬದಿ ಕಪ್ಪಗಟ್ಟಿದ್ದರೆ, ವೈದ್ಯರಿಗೆ ಅನುಮಾನ ಬರಬೇಕು. ಬಂದರೆ ಜೊತೆಯಲ್ಲಿರುವವರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಬೇಕು. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿರುವಾಗ ಯಾವ ಹೆಣ್ಣೂ ನಿಜ ಹೇಳಲಾರಳು. ಅಕ್ಕ ಪಕ್ಕದಲ್ಲಿದ್ದರೂ ಕಷ್ಟವೇ.

ಈಗ ನಿಮ್ಮ ಪ್ರಶ್ನೆ. ಠಾಣೆಗೆ ಹೋಗದಿರುವುದು ಮನೋರೋಗವಲ್ಲ. ನಿಮ್ಮ ತಂಗಿ ಲೆಕ್ಕ ಹಾಕುತ್ತಿದ್ದಾಳೆ, ಆ ಲೆಕ್ಕ ನೀವು ಅಂದುಕೊಂಡಷ್ಟು ತಪ್ಪಲ್ಲ. ದೂರು ಕೊಟ್ಟ ದಿನ ರಾತ್ರಿ ಏನಾಗುತ್ತದೆ ಎಂಬುದನ್ನು ಅವಳಷ್ಟು ಬಲ್ಲವರಿಲ್ಲ. ಎಷ್ಟೋ ಕಡೆ ಗಂಡನನ್ನು ಕರೆಸಿ, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸುತ್ತಾರೆ. ಠಾಣೆಯಲ್ಲಿ ಕೈಮುಗಿದವನು ಬಾಗಿಲು ಹಾಕಿಕೊಂಡ ಮೇಲೆ ಏನು ಮಾಡುತ್ತಾನೆ? ಒಂದು ವೇಳೆ ಅವನನ್ನು ಒಳಗೆ ಹಾಕಿದರೆ ಮನೆ ಬಾಡಿಗೆ, ಮಕ್ಕಳ ಫೀಸು ಯಾರು ಕಟ್ಟುತ್ತಾರೆ? ತವರಿಗೆ ಬಂದರೆ ಎಷ್ಟು ದಿನ ಇರಬಹುದು? ಅವಳು ಎರಡು ಸಲ ಬಂದಾಗ ನಿಮ್ಮ ಮನೆಯಲ್ಲಿ ಯಾರು ಏನಂದರು, ನೆನಪಿಸಿಕೊಳ್ಳಿ. ‘ಮಕ್ಕಳ ಮುಖ ನೋಡಿಕೊಂಡು ಸಹಿಸಿಕೋ’ ಎಂದು ಒಬ್ಬರಾದರೂ ಅಂದಿರುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ತಟ್ಟೆ ಇಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಇಷ್ಟರ ಮೇಲೆ ಆಸೆಯೂ ಇರುತ್ತದೆ. ಹೊಡೆದ ಮಾರನೆಯ ದಿನ ಜ್ವರ ಬಂದ ಮಗುವನ್ನು ರಾತ್ರಿಯಿಡೀ ಎತ್ತಿಕೊಂಡು ಕೂರುವವನೂ ಅದೇ ಗಂಡ. ಜೊತೆಗೆ, ತಪ್ಪು ತನ್ನದೇ ಎಂಬ ನಂಬಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ ಸುಮಾರು 77 ಹೆಂಗಸರು, ಯಾವುದಾದರೊಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದಲ್ಲಿ ಹೀಗೆ ನೊಂದವರ ಪೈಕಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಕೇಳಿದವರೂ ಹೆಚ್ಚಾಗಿ ಮೊರೆಹೋದದ್ದು ತಮ್ಮ ಮನೆಯವರಿಗೆ, ಪೊಲೀಸರಿಗಲ್ಲ. ಎಂದರೆ ನಿಮ್ಮಂಥವರು ಕೊಡುವ ಉತ್ತರವೇ ಅವಳಿಗೆ ಸಿಗುವ ಮೊದಲ ಉತ್ತರ, ಎಷ್ಟೋ ಸಲ ಕೊನೆಯದೂ ಹೌದು.

ಆದ್ದರಿಂದ ‘ಯಾಕೆ ಬಿಟ್ಟು ಬರಲ್ಲ’ ಎಂದು ಕೇಳುವುದನ್ನು ನಿಲ್ಲಿಸಿ. ‘ದೂರು ಕೊಟ್ಟರೆ ಏನಾಗಬಹುದು ಅಂತ ನಿನಗೆ ಭಯ?’ ಎಂದು ಕೇಳಿ, ಅವಳು ಹೇಳಿದ್ದನ್ನು ಒಂದೊಂದಾಗಿ ಬಿಡಿಸಿ. ಅವನು ಜೈಲಿಗೆ ಹೋಗುವುದು ಬೇಡ ಅಂದರೆ ಅದಕ್ಕೂ ದಾರಿಯಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ, ಠಾಣೆಯ ಮೆಟ್ಟಿಲು ಹತ್ತದೆಯೇ, ಹೊಡೆಯಬಾರದೆಂಬ ಆದೇಶ, ಖರ್ಚಿಗೆ ಹಣ, ಅದೇ ಮನೆಯಲ್ಲಿ ಇರುವ ಹಕ್ಕು ಇವನ್ನೆಲ್ಲ ಮ್ಯಾಜಿಸ್ಟ್ರೇಟರಿಂದ ಕೇಳಬಹುದು. ಮನೆ ಅವಳ ಹೆಸರಿನಲ್ಲಿ ಇರಬೇಕೆಂದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಇದಕ್ಕೆ ಸಂರಕ್ಷಣಾಧಿಕಾರಿ, ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ವಕೀಲರ ಫೀಸಿನ ಚಿಂತೆಯೂ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಅವಸರ ಮಾತ್ರ ಮಾಡಬೇಡಿ. ಹೆಂಡತಿ ಬಿಟ್ಟುಹೋಗುತ್ತಾಳೆಂದು ಗೊತ್ತಾದ ಹೊತ್ತೇ ಇಂಥ ಮನೆಗಳಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳ ಜೆರಾಕ್ಸ್ ನಿಮ್ಮ ಬಳಿ ಇರಲಿ. ಗಾಯದ ಫೋಟೊ, ಆಸ್ಪತ್ರೆ ಚೀಟಿ ಅವಳ ಮನೆಯಲ್ಲಿ ಬೇಡ. ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ‘ಸತ್ತರೆ ಸಾಕು’ ಎನ್ನುತ್ತಿದ್ದರೆ ಆಗ ಖಂಡಿತ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ಖಿನ್ನತೆಗೆ ಔಷಧಿಯಿದೆ. ಹೊಡೆತ ತಿಂದದ್ದಕ್ಕೆ ಅವಳಿಗೆ ಚಿಕಿತ್ಸೆ ಬೇಕು ಎಂದುಕೊಳ್ಳಬೇಡಿ.

ಪ್ರಶ್ನೆ: ಜಗಳದಲ್ಲಿ ನಮ್ಮ ಯಜಮಾನರು ಕತ್ತು ಹಿಸುಕಿದರು. ಗಾಯ ಏನೂ ಕಾಣಿಸುತ್ತಿಲ್ಲ, ಆದರೆ ದನಿ ಒಡೆದಿದೆ, ನುಂಗಲು ನೋವು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ?
– ಊರು, ಹೆಸರು ಬೇಡ

ಉತ್ತರ: ಇದನ್ನು ಓದುತ್ತಿರುವ ಹೊತ್ತಿಗೆ ಕೆಲವು ದಿನ ಕಳೆದಿರುತ್ತವೆ. ಆದರೂ ಇವತ್ತೇ ಹೋಗಿ. ಕತ್ತಿನ ಮೇಲೆ ಗುರುತೇ ಇಲ್ಲದೆ ಒಳಗೆ ಪೆಟ್ಟಾಗಿರಬಹುದು. ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದಿದ್ದರೆ ದಿನಗಳು ಕಳೆದ ಮೇಲೂ ಪಾರ್ಶ್ವವಾಯು ಆಗಬಹುದು. ಉಸಿರು ಕಟ್ಟುವುದು, ಒಂದು ಕಡೆ ಕೈಕಾಲಿನ ಬಲ ತಗ್ಗುವುದು, ಕಣ್ಣು ಮಂಜಾಗುವುದು, ಕತ್ತಿನ ಒಂದೇ ಕಡೆ ನೋವು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ವೈದ್ಯರಿಗೆ ‘ಗಂಟಲು ನೋವು’ ಎಂದಷ್ಟೇ ಹೇಳಬೇಡಿ, ಹಿಸುಕಿದ್ದು ಎಂದೇ ಹೇಳಿ. ಇಲ್ಲದಿದ್ದರೆ ಕೆಮ್ಮಿನ ಸಿರಪ್ ಬರೆದು ಕಳಿಸುವ ಸಂಭವವೇ ಹೆಚ್ಚು.

ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿ ಠಾಣೆಗೆ ತಿಳಿಸಬಹುದು, ಪೊಲೀಸರು ನಿಮ್ಮ ಹೇಳಿಕೆ ಕೇಳಲು ಬರಬಹುದು. ಏನು ಹೇಳಬೇಕೆಂಬುದು ನಿಮ್ಮ ತೀರ್ಮಾನ. ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ದಾಖಲೆ ಬರೆಸಿಡಿ, ಇವತ್ತಲ್ಲದಿದ್ದರೂ ಮುಂದೆ ಬೇಕಾದಾಗ ಅದು ಸಾಕ್ಷಿ.

ಇನ್ನೊಂದು ಮಾತು ನೇರವಾಗಿ ಹೇಳಲೇಬೇಕು. ಒಮ್ಮೆ ಕತ್ತಿಗೆ ಕೈಹಾಕಿದವನಿಂದ ಮುಂದೆ ಕೊಲೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು. ಹಾಗಾಗಿ ಇಂದು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದೂ ನನ್ನ ಪಾಲಿಗೆ ವೈದ್ಯಕೀಯ ಪ್ರಶ್ನೆಯೇ. ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ತಾತ್ಕಾಲಿಕವಾಗಿ ಉಳಿದುಕೊಳ್ಳಲು ಅವಕಾಶವಿದೆ, ಆಪ್ತಸಮಾಲೋಚಕರೂ ಇರುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನಿಮ್ಮ ಫೋನನ್ನು ಯಜಮಾನರು ನೋಡುವುದಾದರೆ ಪಕ್ಕದ ಮನೆಯವರ ಫೋನಿನಿಂದ ಮಾಡಿ.