ಹಳೇ ಜೀಪಿಗೆ ಬೇರೆ ಎಂಜಿನ್: ಇಳಿಸುವ ಮೊದಲು ಅಳೆದು ನೋಡಿ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಎರಿ ಹೊಲದಾಗ ಮಳೆ ಬಿದ್ದರೆ ನಾಲ್ಕೂ ಗಾಲಿ ಎಳೆಯೋ ಗಾಡಿನೇ ಗತಿ. ಬೀಜ-ಗೊಬ್ಬರ ಹೊಲಕ್ಕೆ ಮುಟ್ಟಬೇಕು, ಹೆರಿಗೆ ನೋವಿನ ಹೆಣ್ಣುಮಗಳು ದವಾಖಾನೆಗೆ ಮುಟ್ಟಬೇಕು. ಹಂಗಾಗಿ ಹಳೇ ಮಹೀಂದ್ರಾ ಜೀಪನ್ನು ನಾವು ಬಿಡೋದಿಲ್ಲ. ಎಂಜಿನ್ ಸೋತರೆ ಗುಜರಿಯಿಂದ ಇನ್ನೊಂದು ತಂದು ಕೂಡಿಸುತ್ತೇವೆ. ಕೆಲಸ ಆಗುವಂಥದ್ದೇ. ಆದರೆ ಲೆಕ್ಕ ತಪ್ಪಿದರೆ ಒಂದು ಸುಗ್ಗಿಯ ತೊಗರಿ ರೊಕ್ಕ ಗ್ಯಾರೇಜಿಗೇ ಹೋಗುತ್ತದೆ.

ಮೊದಲು ರೋಗ ಯಾವುದು ನೋಡಿ. ರೇಡಿಯೇಟರ್ ಮುಚ್ಚಳ ತೆಗೆದು, ತಣ್ಣಗಿದ್ದಾಗ ಚಾಲು ಮಾಡಿದರೆ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಹೆಡ್ ಸೀಳಿರಬಹುದು. ಅದಕ್ಕೆ ಇಡೀ ಎಂಜಿನ್ ಬದಲಿಸೋದು ಬೇಕಿಲ್ಲ. ನೀಲಿ ಹೊಗೆ ಬಂದು, ಆಯಿಲ್ ಹಾಕುವ ಬಾಯಿಂದ ಉಸಿರು ದಬದಬ ಹೊಡೆದರೆ ರಿಂಗ್, ಬೋರ್ ಸವೆದಿವೆ. ಅಂಥದ್ದಕ್ಕೆ ಹೊಸ ಹೆಡ್ ಹಾಕಿದರೆ ಹರಕು ಅಂಗಿಗೆ ಬೆಳ್ಳಿ ಗುಂಡಿ ಹಚ್ಚಿದಂಗೆ.

ಹೆಡ್ ಅಂದರೆ ಬರೇ ಮುಚ್ಚಳ ಅಲ್ಲ. ಹಳೇ ವಿಲ್ಲೀಸ್ ಪೆಟ್ರೋಲ್ ಎಂಜಿನ್ನಿನಲ್ಲಿ ಎರಡೂ ವಾಲ್ವು ಬ್ಲಾಕಿನಲ್ಲೇ ಇದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವು ಹೆಡ್ಡಿಗೆ ಏರಿತು, ಹೊಗೆ ಬಿಡುವುದು ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಅದಕ್ಕೇ 1953ರಲ್ಲಿ ಬಂದ ಸಿಜೆ 3ಬಿ ಜೀಪಿನ ಬಾನೆಟ್ ಅಷ್ಟು ಉಬ್ಬಿದೆ. ನೋಡಲು ಒಂದೇ ತರ ಇದ್ದರೂ ಒಂದರ ಹೆಡ್ ಇನ್ನೊಂದರ ಬ್ಲಾಕಿಗೆ ಕೂಡ್ರುವುದಿಲ್ಲ.

ಡೀಸೆಲ್‌ನಾಗೂ ಹಂಗೇ. ಹೀಟರ್ ಪ್ಲಗ್ ಇರುವ ಹಳೇ ತರದ ಹೆಡ್ಡಿನಲ್ಲಿ ಉರಿ ಹತ್ತಲು ಪ್ರತ್ಯೇಕ ಸಣ್ಣ ಕೋಣೆ ಇರುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಆ ಗುಳಿ ಪಿಸ್ಟನ್ ತಲೆಯ ಮೇಲೆಯೇ. ಪಿಸ್ಟನ್ ಒಂದು ತರದ್ದು, ಹೆಡ್ ಇನ್ನೊಂದು ತರದ್ದು ಆದರೆ ಡೀಸೆಲ್ ಸರಿಯಾಗಿ ಉರಿಯೋದಿಲ್ಲ. ಡೊಂಕಾದ ಹೆಡ್ಡನ್ನು ತುರಿಸುವಾಗಲೂ ಮಿತಿ ಬೇಕು. ಹೆಚ್ಚು ತುರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ತುರಿಸುವ ಮುಂಚೆ ಸೀಳು ಐತೇನು ಅಂತ ನೀರಿನ ಒತ್ತಡ ಕೊಟ್ಟು ನೋಡಿಸಿ. ಬೋಲ್ಟನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದಲೇ ಬಿಗಿಸಬೇಕು. ನಮ್ಮ ಮಿಸ್ತ್ರಿಗಳು "ಕೈಗೆ ಗೊತ್ತಾಗ್ತದ್ರಿ" ಅಂತಾರೆ. ಕೈಗೆ ಗೊತ್ತಾಗೋದಿಲ್ಲ.

ಪೆಟ್ರೋಲ್ ತೆಗೆದು ಡೀಸೆಲ್ ಎಂಜಿನ್ ಕೂಡಿಸುವವರು ಮೊದಲು ಅಳತೆ ಪಟ್ಟಿ ಹಿಡಿಯಿರಿ. ಕ್ಲಚ್ ಹೌಸಿಂಗ್ ಗೇರ್ ಬಾಕ್ಸಿಗೆ ಕೂಡುತ್ತದೋ? ಫ್ಯಾನ್ ರೇಡಿಯೇಟರಿಗೆ ತಾಗುತ್ತದೋ? ಫೋರ್ ವ್ಹೀಲ್ ಗಾಡಿಯಲ್ಲಿ ಇನ್ನೊಂದು ತೊಡಕು: ಆಯಿಲ್ ಚೇಂಬರಿನ ಕೆಳಗೆ ಮುಂದಿನ ಡಿಫರೆನ್ಷಿಯಲ್ ಇರುತ್ತದೆ. ನಿಂತಾಗ ಸಂದು ಕಂಡರೂ ತಗ್ಗಿಗೆ ಇಳಿದಾಗ ಪಾಟಾ ಕುಗ್ಗಿ ಬಡಿಯುತ್ತದೆ. ಡೀಸೆಲ್ ಎಂಜಿನ್ ಭಾರ ಹೆಚ್ಚು, ಮುಂದಿನ ಪಾಟಾ ಗಟ್ಟಿ ಮಾಡಿಸಬೇಕು.

ವೇಗದ ಲೆಕ್ಕವೂ ಐತಿ. ಆ ಪೆಟ್ರೋಲ್ ಜೀಪಿನ ಆಕ್ಸಲ್ಲಿನಲ್ಲಿ ಗಾಲಿ ಒಂದು ಸುತ್ತಿಗೆ ಶಾಫ್ಟ್ 5.38 ಸುತ್ತು. ಗಾಲಿಯ ಸುತ್ತಳತೆ 2.2 ಮೀಟರ್ ಹಿಡಿಯಿರಿ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತಿದರೆ ಗಾಡಿ ಗಂಟೆಗೆ 49 ಕಿ.ಮೀ. ಓಡುತ್ತದೆ. ನಿಧಾನ ತಿರುಗುವ ಡೀಸೆಲ್ ಹಾಕಿದರೆ ಹೊಲಕ್ಕೆ ಚಲೋ, ಕಲಬುರಗಿ ರಸ್ತೆಗೆ ಬ್ಯಾಸರ.

ಬೋರಿನ ಗಡಸು ನೀರು ರೇಡಿಯೇಟರಿಗೆ ಹಾಕಬ್ಯಾಡ್ರಿ. ಒಳಗೆ ಪಾಚಿಕಲ್ಲಿನಂಗ ಸುಣ್ಣ ಕಟ್ಟುತ್ತದೆ, ಬ್ಯಾಸಿಗ್ಯಾಗ ಹೊಸ ಹೆಡ್ಡೂ ಸೀಳುತ್ತದೆ. ಮಾಳಿಗಿ ಮೇಲಿನ ಮಳೆನೀರು ಸೋಸಿ ಡಬ್ಬಿಯಾಗ ಇಟ್ಟುಕೊಂಡು, ಕೂಲೆಂಟ್ ಕೂಡಿಸಿ ಹಾಕಿ.

ಕಾಗದದ ಮಾತು. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಓ ಅನುಮತಿ ಮೊದಲೇ ಬೇಕು. ಆಮೇಲೆ ಹೊಸ ಎಂಜಿನ್ ನಂಬರ್, ಇಂಧನ ಆರ್‌ಸಿಯಲ್ಲಿ ಏರಬೇಕು. ವಿಮೆಯವರಿಗೂ ತಿಳಿಸಿ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ ತಪಾಸಣೆಗೆ ಒಯ್ದಾಗ ನಂಬರ್ ತಾಳೆ ಆಗದಿದ್ದರೆ ಅಲ್ಲೇ ನಿಲ್ಲುತ್ತದೆ. ಗುಜರಿಯವನಿಂದ ಎಂಜಿನ್ ನಂಬರ್ ಬರೆದ ರಸೀದಿ ಇಸಗೊಳ್ಳದೆ ರೊಕ್ಕ ಎಣಿಸಬ್ಯಾಡ್ರಿ.