ಹೊಂಡದ ಪಾಚಿ: ಕೊಲ್ಲಲು ಹೋಗಿ ಮೀನು ಕಳಕೊಂಡೆ

ನಮ್ಮದು ಚಳ್ಳಕೆರೆ ಕಡೆಯ ಒಣಭೂಮಿ. ಶೇಂಗಾ, ತೊಗರಿ, ಒಂದಿಷ್ಟು ನವಣೆ. 2019ರಲ್ಲಿ ಕೃಷಿ ಹೊಂಡ ತೆಗೆಸಿದೆವು. ಮೇಲ್ಗಡೆ 21 ಮೀಟರ್ ಉದ್ದ, ಅಷ್ಟೇ ಅಗಲ, ಆಳ 3 ಮೀಟರ್. ನೀರು ಇಂಗದಂತೆ ಒಳಗೆ ಪ್ಲಾಸ್ಟಿಕ್ ಹಾಳೆ. ತುಂಬಿದರೆ ಹತ್ತಿರ ಹತ್ತಿರ 10 ಲಕ್ಷ ಲೀಟರು. ಆ ನೀರಲ್ಲಿ ಅರ್ಧ ಎಕರೆ ಮೆಣಸಿನ ಗಿಡಕ್ಕೆ ಡ್ರಿಪ್.

ನೀರಿದೆ, ಮೀನೂ ಇರಲಿ ಅಂತ 2021ರ ಮಳೆಗಾಲದಲ್ಲಿ ಕಾಟ್ಲಾ, ರೋಹು ಸೇರಿ 400 ಮರಿ ಬಿಟ್ಟೆ. ಸಗಣಿ ಹಾಕಿದರೆ ಮೀನಿಗೆ ಮೇವು ಹುಟ್ಟುತ್ತೆ ಅಂತ ಕೇಳಿದ್ದೆ. ಅದು ಸುಳ್ಳಲ್ಲ. ಆದರೆ ಅಳತೆ ಗೊತ್ತಿರಲಿಲ್ಲ. ವಾರಕ್ಕೆರಡು ಸಲ ಪುಟ್ಟಿಗಟ್ಟಲೆ ಸುರಿದೆ. ಜೊತೆಗೆ ಶೇಂಗಾ ಹಿಂಡಿ, ತೌಡು. ನಮ್ಮ ತಿಪ್ಪೆಯೂ ಹೊಂಡದ ಮೇಲ್ಗಡೆಯೇ ಇತ್ತು. ಮಳೆ ಬಂದರೆ ಅದರ ರಸವೆಲ್ಲ ಹೊಂಡಕ್ಕೇ.

ಎರಡು ತಿಂಗಳಲ್ಲಿ ನೀರು ಕಡುಹಸಿರಾಯ್ತು. ಅಂಚಿನಲ್ಲಿ ಕೂದಲಿನಂಥ ಪಾಚಿ ಹಾಸಿಗೆ ಕಟ್ಟಿತು. ಡ್ರಿಪ್ಪಿನ ಫಿಲ್ಟರ್ ದಿನಕ್ಕೆ ಎರಡು ಸಲ ಬಿಚ್ಚಿ ತೊಳೆಯಬೇಕು. ಬೇಸತ್ತು ಔಷಧಿ ಅಂಗಡಿಯಲ್ಲಿ ಕೇಳಿದೆ. ಮೈಲುತುತ್ತ ಹಾಕಿ ಅಂದರು. ತಂದು ಕರಗಿಸಿ, ಕಣ್ಣಂದಾಜಿನಲ್ಲಿ ಹೊಂಡದ ತುಂಬ ಎರಚಿದೆ.

ಮೂರನೇ ದಿನ ಪಾಚಿ ಬಿಳಿಚಿಕೊಂಡಿತು. ನನಗೆ ಖುಷಿ. ಅದು ನವೆಂಬರ್, ಮೋಡ ಮುಸುಕಿ ಜಡಿ ಹಿಡಿದಿತ್ತು. ಐದನೇ ದಿನ ಬೆಳಗಿನ ಜಾವ ಹೋಗಿ ನೋಡ್ತೇನೆ, ಮೀನೆಲ್ಲ ಮೇಲೆ ಬಂದು ಬಾಯಿ ಕಳಕೊಂಡು ಗುಟುಕರಿಸ್ತಾ ಇವೆ. ಹೊತ್ತು ಮೂಡುವಷ್ಟರಲ್ಲಿ ತೇಲಿದವು. ಮುನ್ನೂರಕ್ಕೂ ಹೆಚ್ಚು ಎಣಿಸಿ ಗುಂಡಿಗೆ ಹಾಕಿದೆ. ನನ್ನಾಕೆ ಎರಡು ದಿನ ಮಾತಾಡಲಿಲ್ಲ.

ಸತ್ತದ್ದು ಯಾಕೆ?

ಮೀನುಗಾರಿಕೆ ಇಲಾಖೆಯವರೊಬ್ಬರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಪಾಚಿ ಹಗಲು ಬಿಸಿಲಲ್ಲಿ ನೀರಿಗೆ ಆಮ್ಲಜನಕ ಬಿಡುತ್ತೆ. ರಾತ್ರಿ ಅದೂ ಮೀನಿನ ಹಾಗೆ ಉಸಿರಾಡಿ ಅದನ್ನೇ ಬಳಸುತ್ತೆ. ಹಾಗಾಗಿ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಅತಿ ಕಡಿಮೆ. ಮೋಡ ಕವಿದರೆ ಹಗಲೂ ಹುಟ್ಟುವುದು ಕಮ್ಮಿ. ಇದರ ಮೇಲೆ ಒಂದೇ ಸಲಕ್ಕೆ ಪಾಚಿ ಕೊಂದರೆ, ಅದು ಕೊಳೆಯುವಾಗ ಉಳಿದದ್ದನ್ನೂ ಹೀರಿಬಿಡುತ್ತೆ. ಮೈಲುತುತ್ತ ಹೆಚ್ಚಾದರೆ ತಾನೇ ಮೀನಿಗೆ ವಿಷ. ಗಡಸಲ್ಲದ ಮಳೆನೀರಲ್ಲಿ ಅದರ ವಿಷ ಇನ್ನೂ ಜೋರು.

ಇನ್ನೊಂದು ಮಾತು. ಕೊಳೆತ ಪಾಚಿಯ ಸಾರ ನೀರಲ್ಲೇ ಉಳಿಯಿತು. ತಿಂಗಳೊಳಗೆ ಮತ್ತೆ ಹಸಿರು! ಹೊಲದಲ್ಲಿ ಕಳೆ ಕಿತ್ತು ಅಲ್ಲೇ ಗೊಬ್ಬರ ಮಾಡಿದ ಹಾಗಾಯ್ತು. ಪಾಚಿ ರೋಗವಲ್ಲ, ನೀರಿಗೆ ಗೊಬ್ಬರ ಹೆಚ್ಚಾಗಿದೆ ಅನ್ನುವ ಗುರುತು. ಸಾರಜನಕ, ರಂಜಕ ಎಷ್ಟು ಇಳಿಯುತ್ತೋ ಅಷ್ಟು ಪಾಚಿ.

ಈಗ ನಾನು ಮಾಡುವುದು

1. ತಿಪ್ಪೆಯನ್ನು ಹೊಂಡದ ಕೆಳಗಡೆಗೆ ಸಾಗಿಸಿದೆ. ನೀರು ಒಳಬರುವ ಕಡೆ ಹೂಳುಗುಂಡಿ ತೋಡಿ, ಅದರ ಮುಂದೆ ಹುಲ್ಲು ಬೆಳೆಸಿದ್ದೇನೆ. ಹೊಲದ ಡಿಎಪಿ ಹೊತ್ತ ಮಣ್ಣು ಬಹಳಷ್ಟು ಅಲ್ಲೇ ನಿಲ್ಲುತ್ತೆ.

2. ಮೇವು ಹಾಕುವ ಮುಂಚೆ ಕೈ ಪರೀಕ್ಷೆ. ತೋಳನ್ನು ನೇರವಾಗಿ ನೀರಿಗೆ ಇಳಿಸಬೇಕು. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಂತಾದರೆ ಹಸಿರು ಹೆಚ್ಚಾಗಿದೆ ಅಂತ ಲೆಕ್ಕ. ಆಗ ಸಗಣಿ ನಿಲ್ಲಿಸಿ ಹಿಂಡಿ ಕಡಿಮೆ ಮಾಡ್ತೇನೆ. ಮೋಡದ ದಿನ ಹಿಂಡಿಯೂ ಇಲ್ಲ.

3. ಕೂದಲು ಪಾಚಿಯನ್ನು ಎಳೆದು ತೆಗೆಯುವುದೇ ವಾಸಿ. ಉದ್ದ ಹಗ್ಗಕ್ಕೆ ಹಳೇ ಬಲೆ ಕಟ್ಟಿ, ಎರಡು ದಡದಿಂದ ಇಬ್ಬರು ಎಳೆಯಬೇಕು. ಒಂದೇ ದಿನ ಎಲ್ಲ ಬೇಡ, ವಾರಕ್ಕೆ ಕಾಲು ಭಾಗ ಸಾಕು. ತೆಗೆದದ್ದನ್ನು ದಡದ ಮೇಲೆ ಬಿಟ್ಟರೆ ಮಳೆಗೆ ವಾಪಸ್ ಇಳಿಯುತ್ತೆ. ಕಾಂಪೋಸ್ಟ್ ಗುಂಡಿಗೆ ಹಾಕಿ. ದುಡ್ಡು ಕೊಟ್ಟ ಗೊಬ್ಬರ ಹೊಲಕ್ಕೇ ಹಿಂದಿರುಗಿತು ಅಂದುಕೊಳ್ಳಿ.

4. ಹುಲ್ಲುಗೆಂಡೆ ಮರಿ 20 ಬಿಟ್ಟಿದ್ದೇನೆ. ಅದು ಕೂದಲು ಪಾಚಿ ಮೇಯುತ್ತೆ. ನೀರಿನ ಹಸಿರಿಗೆ ಬೆಳ್ಳಿಗೆಂಡೆ ಒಳ್ಳೆಯದು. ಇವು ಹೊರದೇಶದ ತಳಿಗಳು. ಕೋಡಿಗೆ ಜಾಳಿಗೆ ಕಟ್ಟಿ, ಹಳ್ಳಕ್ಕೆ ಹೋಗಕೂಡದು.

5. ಫುಟ್‌ವಾಲ್ವನ್ನು ಮುಚ್ಚಿದ ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೂಗುಬಿಟ್ಟಿದ್ದೇನೆ. ಮೇಲಿನ ಪಾಚಿಯೂ ಬರಲ್ಲ, ತಳದ ರಾಡಿಯೂ ಬರಲ್ಲ. ಫಿಲ್ಟರ್ ತೊಳೆಯುವುದು ಈಗ ಮೂರು ದಿನಕ್ಕೊಮ್ಮೆ.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು ಕಂಡರೆ ತಡಮಾಡಬೇಡಿ. ಪಂಪು ಹಾಕಿ, ಅದೇ ನೀರನ್ನು ಎತ್ತರದಿಂದ ಹೊಂಡಕ್ಕೇ ಚಿಮ್ಮಿಸಿ. ಗಾಳಿ ಬೆರೆಯುತ್ತೆ. ಅವತ್ತು ನನಗೆ ಇದು ಗೊತ್ತಿದ್ದರೆ ಅರ್ಧವಾದರೂ ಉಳಿಯುತ್ತಿದ್ದವು.

ಎರಡು ಎಚ್ಚರಿಕೆ. ನೀರ ಮೇಲೆ ಬಣ್ಣ ಸುರಿದಂತೆ ನೀಲಿಹಸಿರು ಕೆನೆ ಕಟ್ಟಿದರೆ ದನಕರುಗಳಿಗೆ ಆ ನೀರು ಕುಡಿಸಬೇಡಿ. ಆ ಜಾತಿಯಲ್ಲಿ ಕೆಲವು ವಿಷದವು. ಪಾಚಿ ಹಿಡಿದ ಪ್ಲಾಸ್ಟಿಕ್ ಹಾಳೆ ಬೆಣ್ಣೆಯಂತೆ ಜಾರುತ್ತೆ, ಬಿದ್ದವರು ಹತ್ತಿ ಬರುವುದು ಕಷ್ಟ. ಸುತ್ತ ಬೇಲಿ ಇರಲಿ, ಗಂಟು ಹಾಕಿದ ಹಗ್ಗವೊಂದು ಸದಾ ಒಳಗೆ ಇಳಿಬಿದ್ದಿರಲಿ. ಒಬ್ಬರೇ ಪಾಚಿ ತೆಗೆಯಲು ಇಳಿಯಬೇಡಿ.

ನಮ್ಮ ಹೊಂಡದಲ್ಲಿ ಈಗಲೂ ಪಾಚಿ ಇದೆ. ಪೂರ್ತಿ ಹೋಗಲಿ ಅನ್ನುವ ಆಸೆ ಬಿಟ್ಟಿದ್ದೇನೆ. ತಿಳಿಹಸಿರು ನೀರು ಮೀನಿಗೆ ಹಿತ. ಆ ಅಳತೆ ಮೀರದಂತೆ ನೋಡಿಕೊಂಡರೆ ಸಾಕು, ಮೈಲುತುತ್ತದ ಹಂಗು ಬೇಕಿಲ್ಲ.